‘ಕೂಲಿ’ ಎಂಬ ಎರಡಕ್ಷರ

ಬನ್ನಿ, ಬಾಗಿಲ ಪಕ್ಕದ ಸ್ಟೂಲ್ ಎಳೆದುಕೊಂಡು ನನ್ನ ಎಡಕ್ಕೆ ಕೂರಿ. ಬೆಳಗಿನ ಒಂಬತ್ತೂವರೆ. ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗ. ಹೊರಗೆ ಬೆಂಚಿನ ಮೇಲೆ ಹದಿನೈದಿಪ್ಪತ್ತು ಜನ. ನೆಗಡಿ, ಜ್ವರ, ಉಬ್ಬಸ. ಅವರ ನಡುವೆ ಒಂದು ಕೆಮ್ಮು ಬೇರೆಯಾಗಿ ಕೇಳಿಸುತ್ತದೆ. ಕಿವಿಗೊಡಿ. ಒಣ ಕೆಮ್ಮು, ಸಣ್ಣದು, ಕೊನೆಯಲ್ಲಿ ಉಸಿರು ಸಾಲದೆ ನಿಂತುಬಿಡುತ್ತದೆ. ಆ ಮನುಷ್ಯ ಎದ್ದು ಒಳಗೆ ಬರುತ್ತಾರೆ. ಬೆಂಚಿನಿಂದ ನನ್ನ ಮೇಜಿಗೆ ಎಂಟು ಹೆಜ್ಜೆ. ಕುರ್ಚಿಯಲ್ಲಿ ಕೂತ ಮೇಲೆ ಮಾತಾಡಲು ಅವರಿಗೆ ಅರ್ಧ ನಿಮಿಷ ಬೇಕು. ಹಿಂದೆಯೇ ಹೆಂಡತಿ, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬ ಎಕ್ಸ್‌ರೇಗಳು.

ಅವರ ಹೆಸರು, ಊರು ಇಲ್ಲಿ ಬೇಡ. ವಯಸ್ಸು ನಲವತ್ತೇಳು. ಹೊರರೋಗಿ ಚೀಟಿಯನ್ನು ನಿಮ್ಮ ಕಡೆ ತಿರುಗಿಸುತ್ತೇನೆ, ನೋಡಿ. ಹೆಸರು, ವಯಸ್ಸು, ಲಿಂಗ, ವಿಳಾಸ. ಅದರ ಕೆಳಗೆ ‘ವೃತ್ತಿ’ ಎಂಬ ಸಾಲು. ಅಲ್ಲಿ ನೀಲಿ ಪೆನ್ನಿನಲ್ಲಿ ಒಂದೇ ಪದ: ಕೂಲಿ.

ಈ ಎರಡಕ್ಷರವನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ನಮ್ಮ ಕೆಲಸವೆಲ್ಲ ಇದರ ಒಳಗೆ ಏನಿದೆ ಎಂದು ತೆಗೆದು ನೋಡುವುದು.

“ಏನು ತೊಂದರೆ, ಹೇಳಿ.”

“ಟೀಬಿ ಸಾರ್.”

“ಟೀಬಿ ಅಂತ ಯಾರು ಹೇಳಿದ್ರು?”

“ಎಲ್ಲಾರೂ ಹೇಳಿದ್ರು ಸಾರ್. ಮೂರು ಸಲ ಕೋರ್ಸ್ ಮುಗಿಸಿದೀನಿ.”

ಹೆಂಡತಿ ಕವರಿನಿಂದ ಹಳೆಯ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಜೋಡಿಸುತ್ತಾರೆ. ಅಕ್ಷರ ಬಾರದಿದ್ದರೂ ಯಾವುದು ಯಾವ ವರ್ಷದ್ದು ಎಂದು ಅವರಿಗೆ ಗೊತ್ತು, ಮಡಿಕೆ ನೋಡಿಯೇ ಹೇಳುತ್ತಾರೆ. ಮೊದಲ ಸಲ ಆರು ತಿಂಗಳು ಮಾತ್ರೆ. ಎರಡನೇ ಸಲ ಎಂಟು ತಿಂಗಳು, ಸೂಜಿ ಸಮೇತ. ಮೂರನೇ ಸಲ ಮತ್ತೆ ಆರು ತಿಂಗಳು. ನಾನು ಹುಡುಕುವುದು ಒಂದೇ ಸಾಲನ್ನು: ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತ್ತೇ? ಮೊದಲ ಸಲ ಸಿಕ್ಕಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲವೂ ಇಲ್ಲ. ಮೂರು ಸಲವೂ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡಿದೆ, ಚುಕ್ಕೆ ಕಂಡರೆ ಟೀಬಿ ಎಂದುಕೊಂಡು ಮಾತ್ರೆ ಬರೆದಿದ್ದಾರೆ. ಬರೆದವರನ್ನು ನಾನು ದೂರುವುದಿಲ್ಲ. ಕ್ಷಯ ಮನೆಮನೆಯಲ್ಲಿರುವ ನಾಡಿನಲ್ಲಿ ಅದನ್ನು ಮೊದಲು ಅನುಮಾನಿಸುವುದು ಸರಿಯೇ. ಆದರೆ ಆ ಮೂರು ಚೀಟಿಗಳಲ್ಲೂ ವೃತ್ತಿಯ ಸಾಲಿನಲ್ಲಿರುವುದು ಅದೇ ಎರಡಕ್ಷರ.

ಈಗ ಎದ್ದು ಬನ್ನಿ, ಗೋಡೆಯ ಬಳಿಗೆ. ದೀಪದ ಪೆಟ್ಟಿಗೆ ಹಾಕುತ್ತೇನೆ, ಎಕ್ಸ್‌ರೇ ಸಿಕ್ಕಿಸುತ್ತೇನೆ. ಒಂದು ಗೇಣು ದೂರದಿಂದ ನೋಡಿ. ನಡುವೆ ಬೆಳ್ಳಗೆ ಹೃದಯ, ಎರಡೂ ಕಡೆ ಪಕ್ಕೆಲುಬುಗಳ ಕಮಾನು, ಕಮಾನುಗಳ ನಡುವೆ ಕಪ್ಪಾಗಿ ಕಾಣಬೇಕಾದ ಶ್ವಾಸಕೋಶ. ಇಲ್ಲಿ ಅದು ಕಪ್ಪಾಗಿಲ್ಲ. ಕಂಬಳಿಯ ಮೇಲೆ ರಾಗಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಎಲ್ಲ ಗುಂಡಗೆ, ಅಂಚು ಸ್ಪಷ್ಟ, ಹೆಚ್ಚುಕಡಿಮೆ ಒಂದೇ ಗಾತ್ರ. ಬೆರಳಿಟ್ಟು ತೋರಿಸುತ್ತೇನೆ: ಮೇಲುಭಾಗದಲ್ಲಿ ದಟ್ಟ, ಕೆಳಕ್ಕೆ ಬಂದಂತೆ ವಿರಳ. ಎಡ ಬಲ ಎರಡೂ ಕಡೆ ಸಮಸಮ. ಇನ್ನು ಇಲ್ಲಿ, ಶ್ವಾಸನಾಳ ಕವಲೊಡೆಯುವ ಕಡೆ, ದುಗ್ಧಗ್ರಂಥಿಗಳ ಸುತ್ತ ಮೊಟ್ಟೆಯ ಓಡಿನ ಹಾಗೆ ತೆಳ್ಳನೆಯ ಸುಣ್ಣದ ಗೆರೆ. ಎಲ್ಲರಲ್ಲೂ ಇದು ಕಾಣುವುದಿಲ್ಲ. ಕಂಡಾಗ ಮಾತ್ರ ಕಲ್ಲಿನ ಧೂಳನ್ನು ನೆನೆಯದೆ ಮುಂದೆ ಹೋಗಬಾರದು.

ಕಂಡದ್ದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅಳತೆಗೆ ತರಬೇಕು. ಅದಕ್ಕಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾದರಿ ಎಕ್ಸ್‌ರೇಗಳ ಒಂದು ಕಟ್ಟು ಮಾಡಿದೆ. ಅದರ ಬೀಜ ಬಿದ್ದದ್ದು 1930ರಲ್ಲಿ ಜೋಹಾನ್ಸ್‌ಬರ್ಗಿನ ಸಮ್ಮೇಳನದಲ್ಲಿ, ಕೋಲಾರದಂತೆ ಅದೂ ಚಿನ್ನದ ಗಣಿಗಳ ಊರು. ರೋಗಿಯ ಎಕ್ಸ್‌ರೇ ಪಕ್ಕದಲ್ಲಿ ಮಾದರಿ ಎಕ್ಸ್‌ರೇ ಇಟ್ಟು ಹೋಲಿಸಬೇಕು. ಗುಂಡನೆಯ ಚುಕ್ಕೆ ಒಂದೂವರೆ ಮಿಲಿಮೀಟರ್ ಒಳಗಿದ್ದರೆ ‘ಪಿ’, ಮೂರರ ತನಕ ‘ಕ್ಯು’, ಹತ್ತರ ತನಕ ‘ಆರ್’. ದಟ್ಟಣೆಗೆ ಸೊನ್ನೆಯಿಂದ ಮೂರರವರೆಗೆ ನಾಲ್ಕು ದರ್ಜೆ. ಆದರೆ ಬರೆಯುವಾಗ ಒಂದು ಅಂಕಿ ಬರೆಯುವುದಿಲ್ಲ, ಎರಡು ಬರೆಯುತ್ತೇವೆ. ನಾನು ಈ ಎಕ್ಸ್‌ರೇಗೆ 2/1 ಎಂದು ಬರೆಯುತ್ತೇನೆ. ಎರಡನೇ ದರ್ಜೆ ಎಂದು ತೀರ್ಮಾನಿಸಿದ್ದೇನೆ, ಆದರೆ ಒಂದನೆಯದೇ ಇರಬಹುದೇ ಎಂದು ಗಂಭೀರವಾಗಿ ಯೋಚಿಸಿದೆ ಎಂದು ಅದರ ಅರ್ಥ. ವೈದ್ಯ ತನ್ನ ಅನುಮಾನವನ್ನು ಮುಚ್ಚಿಡದೆ ತೀರ್ಮಾನದ ಪಕ್ಕದಲ್ಲೇ ಬರೆದಿಡಬೇಕೆನ್ನುವ ಈ ಪದ್ಧತಿಯ ಬಗ್ಗೆ ನನಗೆ ತುಂಬ ಗೌರವ. ಪಕ್ಕದ ಕೋಣೆಯ ಸಹೋದ್ಯೋಗಿಗೆ ನನ್ನ ಅಂಕಿ ತೋರಿಸದೆ ಎಕ್ಸ್‌ರೇ ಮಾತ್ರ ಕಳಿಸುತ್ತೇನೆ. ಹತ್ತು ನಿಮಿಷದಲ್ಲಿ ಅವರ ಚೀಟಿ ಬರುತ್ತದೆ: 2/2, ಕ್ಯು. ಇಬ್ಬರೂ ಒಂದೇ ಕಡೆ ಬಂದಿದ್ದೇವೆ.

ಆದರೂ ತಡೆಯಿರಿ. ಎಕ್ಸ್‌ರೇ ಇಂಥ ಚುಕ್ಕೆ ಇದೆ ಎನ್ನುತ್ತದೆ, ಎಲ್ಲಿಂದ ಬಂತು ಎನ್ನುವುದಿಲ್ಲ. ಮೈತುಂಬ ಹರಡಿದ ಕ್ಷಯದಲ್ಲೂ ಸಾಸಿವೆಯಂಥ ಚುಕ್ಕೆಗಳು ಕಾಣುತ್ತವೆ. ಸಾರ್ಕಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆಯೂ ಹೀಗೇ ವೇಷ ಹಾಕುತ್ತದೆ. ಎಲ್ಲಿಂದ ಬಂತು ಎಂಬುದನ್ನು ಹೇಳಬಲ್ಲವರು ಈ ಕೋಣೆಯಲ್ಲಿ ಇಬ್ಬರೇ, ಗಂಡ ಮತ್ತು ಹೆಂಡತಿ. ಬನ್ನಿ, ಮತ್ತೆ ಕೂರೋಣ.

“ಏನು ಕೆಲಸ ಮಾಡ್ತಿದ್ರಿ?”

“ಕೂಲಿ ಸಾರ್.”

“ಯಾವ ಕೂಲಿ?”

ಅವರು ಹೆಂಡತಿಯ ಮುಖ ನೋಡುತ್ತಾರೆ. ಇಷ್ಟು ವರ್ಷಗಳಲ್ಲಿ ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳಿದ ಹಾಗಿಲ್ಲ.

“ಕಲ್ಲು ಕೆಲಸ ಸಾರ್.”

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಹಿಪಾಕ್ರಟೀಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತ ಬಂದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿ ಎಂದು ಅದರಲ್ಲಿ ಕೋರಿದ: ನಿಮ್ಮ ಕಸುಬೇನು? ಮುನ್ನೂರು ವರ್ಷ ದಾಟಿದರೂ ಆ ಪ್ರಶ್ನೆಗೆ ನಮ್ಮ ಚೀಟಿಗಳಲ್ಲಿ ಒಂದು ಪದದಷ್ಟೇ ಜಾಗ.

ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತೇನೆ. ಒಂದು ತುದಿಯಲ್ಲಿ ಅವರು ಹುಟ್ಟಿದ ವರ್ಷ, ಇನ್ನೊಂದು ತುದಿಯಲ್ಲಿ ಇವತ್ತು. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಇಸವಿ ಕೇಳುವುದಿಲ್ಲ.

“ಮದುವೆ ಯಾವಾಗ ಆಯ್ತು?”

ಹೆಂಡತಿ ತಕ್ಷಣ ಹೇಳುತ್ತಾರೆ. “ಕೆಜಿಎಫ್ ಗಣಿ ಮುಚ್ಚಿದ ವರ್ಷ ಸಾರ್. ನಮ್ಮಪ್ಪ ಗಣೀಲಿದ್ರು. ಕೆಲಸ ಹೋದ ಮೇಲೆ ಮೂರು ತಿಂಗಳಿಗೆ ನನ್ನ ಮದುವೆ ಮಾಡಿದ್ರು.”

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ, ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಗೆರೆಯ ಮೇಲೆ ಒಂದು ಗೂಟ ನೆಟ್ಟ ಹಾಗಾಯಿತು. ಇನ್ನು ಉಳಿದದ್ದನ್ನೆಲ್ಲ ಆ ಗೂಟಕ್ಕೆ ಕಟ್ಟಬಹುದು.

ಹದಿಮೂರನೇ ವಯಸ್ಸಿಗೆ ಅಪ್ಪನ ಜೊತೆ ಬಂಡೆಗೆ. ಸುತ್ತಿಗೆ, ಚಾಣ, ಸೈಜುಗಲ್ಲು. ಬಯಲಿನಲ್ಲಿ ಕೂತು ಕೈಯಲ್ಲಿ ಕೆತ್ತುವ ಕೆಲಸ, ಎಂಟು ವರ್ಷ. ಮದುವೆಗೆ ಎರಡು ವರ್ಷ ಮುಂಚೆ ಕಂಪ್ರೆಸರ್ ಬಂತು. ಜಾಕ್‌ಹ್ಯಾಮರ್ ಹಿಡಿದು ಬಂಡೆಗೆ ಕುಳಿ ಹಾಕುವುದು. “ಕುಳಿ ಹಾಕುವಾಗ ನೀರು ಬಿಡ್ತಿದ್ರಾ?” “ಇಲ್ಲ ಸಾರ್, ಒಣಗಲೇ. ನೀರೆಲ್ಲಿ ಬರಬೇಕು ಅಲ್ಲಿ? ಕುಳಿಯೊಳಗಿನ ಪುಡೀನ ಗಾಳಿ ಹೊಡೆದು ಆಚೆ ತೆಗೆಯೋದು. ಮುಖಕ್ಕೇ ಬರೋದು.” ಹೀಗೆ ಒಂಬತ್ತು ವರ್ಷ. ಆಮೇಲೆ ಕ್ರಷರ್. ಮೊದಲು ಜಲ್ಲಿ, ನದಿ ಮರಳು ಸಿಗದಾದ ಮೇಲೆ ಎಂ-ಸ್ಯಾಂಡ್. ಜಾಲರಿಯ ಪಕ್ಕ ನಿಂತು ಕಟ್ಟಿಕೊಂಡ ಪುಡಿಯನ್ನು ಸಲಿಕೆಯಿಂದ ಕೆಡವುವುದು. ಹದಿಮೂರು ವರ್ಷ, ಕೊರೊನಾ ಎರಡನೇ ಅಲೆಯ ತನಕ. ಅಷ್ಟರಲ್ಲಿ ಎರಡು ಸಲ ಟೀಬಿ ಮಾತ್ರೆ ಮುಗಿದಿತ್ತು. ಮೂರನೆಯದು ಕೆಲಸ ಬಿಟ್ಟ ಮೇಲೆ.

“ಮೂಗಿಗೆ ಏನಾದ್ರೂ ಕಟ್ಕೊಳ್ತಿದ್ರಾ?”

“ಟವೆಲ್ ಸಾರ್. ಸಂಜೆಗೆ ಮೇಸ್ತ್ರಿ ಬೆಲ್ಲ ಕೊಡ್ತಿದ್ರು. ಬೆಲ್ಲ ತಿಂದ್ರೆ ಧೂಳೆಲ್ಲ ಹೊಟ್ಟೆಗಿಳಿದು ಹೋಗುತ್ತೆ ಅಂತ.”

ಧೂಳಿನ ಕೆಲಸ ಇರುವಲ್ಲೆಲ್ಲ ಈ ಬೆಲ್ಲದ ಮಾತು ಕೇಳುತ್ತೇನೆ. ಬೆಲ್ಲ ಅನ್ನನಾಳದಲ್ಲಿ ಇಳಿಯುತ್ತದೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಒಂದಕ್ಕೊಂದು ಭೇಟಿಯೇ ಆಗುವುದಿಲ್ಲ. ಟವೆಲ್ಲಿನ ನೂಲುಗಳ ನಡುವೆ ಆ ಧೂಳಿಗೆ ಹೆದ್ದಾರಿಯಷ್ಟು ಜಾಗ.

ಹೆಂಡತಿ ತಾವಾಗಿ ಮಾತು ಸೇರಿಸುತ್ತಾರೆ. “ಇವರ ಬಟ್ಟೆ ಬೇರೇನೇ ಒಗೀತಿದ್ದೆ ಸಾರ್. ನೆನೆ ಹಾಕಿದ್ರೆ ನೀರು ಅಕ್ಕಿ ತೊಳೆದ ನೀರಿನ ಥರ ಆಗೋದು. ಚೆಲ್ಲಿದ ಮೇಲೆ ಬಕೀಟಿನ ತಳದಲ್ಲಿ ಬೆಳ್ಳಗೆ ಕೆನೆ ಥರ ನಿಲ್ಲೋದು. ಬೆರಳಲ್ಲಿ ಉಜ್ಜಿದ್ರೆ ನುಣ್ಣಗೆ, ಪೌಡರ್ ಇದ್ದ ಹಾಗೆ.”

ನಾನು ಬರೆಯುವುದನ್ನು ನಿಲ್ಲಿಸಿ ಅವರ ಬೆರಳುಗಳನ್ನು ನೋಡುತ್ತೇನೆ. ಹೆಬ್ಬೆರಳಿಗೆ ತೋರುಬೆರಳನ್ನು ಉಜ್ಜಿ ತೋರಿಸುತ್ತಿದ್ದಾರೆ. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ, ಯಾವ ಇನ್‌ಸ್ಪೆಕ್ಟರೂ ಬಾರದ ಜಾಗದ ಧೂಳನ್ನು ಅಳೆದವರು ಇವರು. ಈ ಮಾತನ್ನು ಹಾಗೆಯೇ ಕಡತಕ್ಕೆ ಬರೆದುಕೊಳ್ಳುತ್ತೇನೆ.

“ಬೀಡಿ?”

“ಸೇದ್ತಿದ್ದೆ ಸಾರ್. ದಿನಕ್ಕೊಂದು ಕಟ್ಟು.” ತಲೆ ತಗ್ಗಿಸುತ್ತಾರೆ, ತಪ್ಪೊಪ್ಪಿಕೊಂಡವರಂತೆ.

ಈ ಜಾಗದಲ್ಲೇ ಹೆಚ್ಚಿನ ಪ್ರಕರಣಗಳು ಮುಗಿದುಹೋಗುವುದು. ಬೀಡಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಎದುರಿಗಿರುವವರು ಪೆನ್ನು ಕೆಳಗಿಡುತ್ತಾರೆ. ಬೀಡಿ ಒಳ್ಳೆಯದಲ್ಲ. ಅದು ಶ್ವಾಸನಾಳಗಳನ್ನು ಕೆಡಿಸುತ್ತದೆ, ಗಾಳಿಗೂಡುಗಳನ್ನು ಹರಿದು ಹಾಕುತ್ತದೆ, ಕ್ಯಾನ್ಸರ್ ತರುತ್ತದೆ, ಈ ಮನುಷ್ಯನ ಏದುಸಿರಿನಲ್ಲಿ ಅದರ ಪಾಲೂ ಇರಬಹುದು. ಆದರೆ ಮೇಲುಭಾಗದಲ್ಲಿ ದಟ್ಟವಾಗಿ ಕೂತ ಈ ಗುಂಡನೆಯ ಚುಕ್ಕೆಗಳನ್ನು ಬೀಡಿ ಮಾಡುವುದಿಲ್ಲ. ಚುಕ್ಕೆಗಳನ್ನು ಮಾಡುವುದು ಕಲ್ಲಿನ ಸಿಲಿಕಾ. ಕೂದಲೆಳೆಯ ಹತ್ತನೇ ಒಂದು ಪಾಲಿಗಿಂತ ಸಣ್ಣ ಕಣ ಗಾಳಿಗೂಡಿನ ತನಕ ಇಳಿಯುತ್ತದೆ. ಕಾವಲಿಗಿರುವ ಜೀವಕೋಶ ಅದನ್ನು ನುಂಗುತ್ತದೆ, ಅರಗಿಸಲಾಗದೆ ಸಾಯುತ್ತದೆ. ಕಣ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಸತ್ತಲ್ಲೆಲ್ಲ ಗಾಯ, ಗಾಯದ ಸುತ್ತ ಗಂಟು. ಇದರ ಹೆಸರು ಸಿಲಿಕೋಸಿಸ್. ಕೆಲಸ ಬಿಟ್ಟರೂ ಇದು ನಿಲ್ಲುವುದಿಲ್ಲ, ಕಣ ಒಳಗೇ ಇರುತ್ತದಲ್ಲ. ಈ ಗಂಟನ್ನು ಕರಗಿಸುವ ಔಷಧಿ ಇಂದಿಗೂ ಇಲ್ಲ.

ಹೀಗೆ ಸೋತ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುತ್ತದೆ. ಆದ್ದರಿಂದ ‘ಟೀಬಿ ಅಲ್ಲ’ ಎಂದು ನಾನು ಈಗಲೇ ಹೇಳಲಾರೆ. ಕಫವನ್ನು ಮತ್ತೆ ಕಳಿಸುತ್ತೇನೆ, ಕಲ್ಚರಿಗೂ ಹಾಕಿಸುತ್ತೇನೆ. ಎರಡೂ ಇರಬಹುದು. ಆಗ ಅದರ ಹೆಸರು ಸಿಲಿಕೋ-ಟ್ಯುಬರ್‌ಕ್ಯುಲೋಸಿಸ್, ಕಾನೂನು ಅದನ್ನೂ ಕಸುಬಿನ ಕಾಯಿಲೆ ಎಂದೇ ಒಪ್ಪುತ್ತದೆ.

ಈಗ ಪಕ್ಕದ ಕೋಣೆಗೆ ಬನ್ನಿ. ಉಸಿರು ಅಳೆಯುವ ಯಂತ್ರ. ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ. “ಪೂರ್ತಿ ಎಳ್ಕೊಳ್ಳಿ... ಈಗ ಊದಿ, ಊದಿ, ಊದಿ, ಇನ್ನೂ, ಇನ್ನೂ...” ತಂತ್ರಜ್ಞೆ ಕೂಗುತ್ತಾರೆ. ಪರದೆಯ ಮೇಲಿನ ಗೆರೆ ಮೇಲೇರಿ ಬೇಗನೆ ಚಪ್ಪಟೆಯಾಗುತ್ತದೆ. ಅವರ ಕುತ್ತಿಗೆಯ ನರಗಳು ಉಬ್ಬುತ್ತವೆ, ಕಣ್ಣಲ್ಲಿ ನೀರು. ಮೂರು ಸಲ ಊದಿಸುತ್ತೇವೆ. ಅವರ ವಯಸ್ಸಿಗೆ, ಎತ್ತರಕ್ಕೆ ಇರಬೇಕಾದ ಉಸಿರಿನಲ್ಲಿ ಉಳಿದಿರುವುದು ನೂರಕ್ಕೆ 58. ಯಂತ್ರ ಕಾರಣ ಹೇಳುವುದಿಲ್ಲ, ನಷ್ಟ ಎಷ್ಟೆಂದು ಹೇಳುತ್ತದೆ. ಮುಂದೆ ಪರಿಹಾರದ ಲೆಕ್ಕಕ್ಕೆ ಅದೂ ಬೇಕು.

ಮಧ್ಯಾಹ್ನ ಆಯಿತು. ಜೀಪು ಹತ್ತಿ. ಆ ಜಾಗವನ್ನು ಕಣ್ಣಾರೆ ನೋಡದೆ ನಾನು ಬರೆಯುವುದಿಲ್ಲ.

ದಾರಿಯಲ್ಲಿ ಬಲಕ್ಕೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಕಾಣುತ್ತವೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟು ಗುಡ್ಡಗಳಾಗಿ ಬಿದ್ದಿದೆ. ಅಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಸಿರೆಗಳಲ್ಲಿ, ಬೆಣಚುಕಲ್ಲು ಎಂದರೆ ಹೆಚ್ಚುಕಡಿಮೆ ಬರೀ ಸಿಲಿಕಾ. ಭಾರತದಲ್ಲಿ ಸಿಲಿಕೋಸಿಸ್ ಬಗ್ಗೆ ಮೊದಮೊದಲ ವರದಿಗಳು ಬಂದದ್ದು ಇಲ್ಲಿಂದಲೇ. 1940ರ ದಶಕದಲ್ಲಿ ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಜನರ ಎದೆಯಲ್ಲಿ ಇದೇ ಚುಕ್ಕೆಗಳಿದ್ದವು. ಅವರ ಕಷ್ಟ ಸಣ್ಣದಾಗಿರಲಿಲ್ಲ. ಆದರೂ ಬೆಳಿಗ್ಗೆ ಆ ತಾಯಿ ಹೇಳಿದ ಇನ್ನೊಂದು ಮಾತು ಜೀಪಿನಲ್ಲಿ ನನ್ನ ಕಿವಿಯಲ್ಲೇ ಇದೆ: “ನಮ್ಮಪ್ಪನಿಗೆ ಟೋಕನ್ ನಂಬರ್ ಇತ್ತು ಸಾರ್. ಕಂಪನಿ ಆಸ್ಪತ್ರೇಲಿ ಎಕ್ಸ್‌ರೇ ತೆಗೀತಿದ್ರು. ಇವರಿಗೆ ಏನೂ ಇಲ್ಲ.” ಮಾವನಿಗೆ ಇದ್ದ ಕಾಗದ ಅಳಿಯನಿಗಿಲ್ಲ. ಧೂಳು ಮಾತ್ರ ಇಬ್ಬರದೂ ಒಂದೇ.

ಕ್ರಷರ್ ಬಂತು. ಇಳಿಯಿರಿ. ಇದನ್ನು ನಾನು ಕಟ್ಟಿಕೊಂಡಿದ್ದೇನೆ, ನೀವೂ ಕಟ್ಟಿಕೊಳ್ಳಿ, ಬಟ್ಟೆಯದಲ್ಲ, ಸಣ್ಣ ಕಣ ತಡೆಯುವ ಮಾಸ್ಕ್. ಮೇಲಿನಿಂದ ಲಾರಿ ಬಂಡೆಗಲ್ಲು ಸುರಿಯುತ್ತದೆ. ದವಡೆ ಅದನ್ನು ಅಗಿಯುವ ಸದ್ದಿಗೆ ಕಾಲಡಿಯ ನೆಲ ನಡುಗುತ್ತದೆ. ಬೆಲ್ಟು, ಜಾಲರಿ, ಮತ್ತೆ ಬೆಲ್ಟು, ಕೊನೆಯಲ್ಲಿ ರಾಶಿ. ಪಕ್ಕದ ಹೊಂಗೆ ಮರಗಳ ಎಲೆಗಳು ಹಸಿರಾಗಿಲ್ಲ, ಬೂದಿ ಬಣ್ಣಕ್ಕೆ ತಿರುಗಿವೆ. ನೀರು ಚಿಮುಕಿಸುವ ಪೈಪು ಇದೆ. ಇವತ್ತು ನಾವು ಬರುತ್ತೇವೆಂದು ಗೊತ್ತು, ಅದಕ್ಕೆ ನೀರೂ ಇದೆ.

ಜಾಲರಿಯ ಬಳಿ ಬಿಸಿಲಿಗೆ ಅಡ್ಡಲಾಗಿ ನೋಡಿ. ಹೊಗೆಯಂತೆ ಏಳುವ ದಪ್ಪ ಧೂಳು ಕಾಣುತ್ತದೆ. ಅದು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿಸುತ್ತದೆ, ಹೊರಗೆ ಬರುತ್ತದೆ. ಕೊಲ್ಲುವ ಧೂಳು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹಿಡಿಯಲು ಒಬ್ಬ ಹುಡುಗನ ಸೊಂಟಕ್ಕೆ ಪುಟ್ಟ ಪಂಪು ಕಟ್ಟುತ್ತೇವೆ, ಕಾಲರಿಗೆ ಸೈಕ್ಲೋನ್ ಎಂಬ ಸಣ್ಣ ಡಬ್ಬಿ ಸಿಕ್ಕಿಸುತ್ತೇವೆ. ಅದು ದಪ್ಪ ಕಣಗಳನ್ನು ಕೆಳಗೆ ಬೀಳಿಸಿ, ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣವನ್ನು ಮಾತ್ರ ಫಿಲ್ಟರಿನ ಮೇಲೆ ಕೂರಿಸುತ್ತದೆ. ಪಾಳಿ ಮುಗಿದ ಮೇಲೆ ಆ ಫಿಲ್ಟರನ್ನು ತೂಗಿ, ಅದರಲ್ಲಿ ಬೆಣಚು ಎಷ್ಟೆಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ.

ನಮ್ಮ ಕಾರ್ಖಾನೆ ಕಾಯ್ದೆ ಇಟ್ಟ ಮಿತಿ ಒಂದು ಸೂತ್ರ: ಧೂಳಿನಲ್ಲಿರುವ ಬೆಣಚಿನ ಶೇಕಡಾವಾರಿಗೆ ಎರಡು ಕೂಡಿಸಿ, ಬಂದದ್ದರಿಂದ ಹತ್ತನ್ನು ಭಾಗಿಸಿ. ಬೆಣಚು ನೂರಕ್ಕೆ 30 ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಸಣ್ಣ ಧೂಳು 0.31 ಮಿಲಿಗ್ರಾಂ ದಾಟಬಾರದು. ದುಡಿಯುವ ಮನುಷ್ಯ ಎಂಟು ಗಂಟೆಯಲ್ಲಿ ಸುಮಾರು ಹತ್ತು ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಂದರೆ ಇಡೀ ದಿನಕ್ಕೆ ಮೂರು ಮಿಲಿಗ್ರಾಂ, ಸಾರಿಗೆ ಹಾಕುವ ಚಿಟಿಕೆ ಉಪ್ಪಿನ ಸುಮಾರು ನೂರನೇ ಒಂದು ಪಾಲು. ಕಾನೂನು ಒಪ್ಪುವ ಮೇಲ್ಮಿತಿಯೇ ಅಷ್ಟು. ಅಮೆರಿಕ 2016ರಲ್ಲಿ ತನ್ನ ಮಿತಿಯನ್ನು ಘನ ಮೀಟರಿಗೆ 0.05 ಮಿಲಿಗ್ರಾಂ ಸಿಲಿಕಾಕ್ಕೆ ಇಳಿಸಿತು. ಇದೇ ಕಲ್ಲಿಗೆ ನಮ್ಮ ಸೂತ್ರ ಬಿಡುವ ಸಿಲಿಕಾ ಅದರ ಹೆಚ್ಚುಕಡಿಮೆ ಎರಡರಷ್ಟು. ಈಗ ಆ ಬಕೀಟಿನ ತಳದ ಕೆನೆಯನ್ನು ನೆನಪಿಸಿಕೊಳ್ಳಿ.

ಕಚೇರಿಯ ತಗಡಿನ ಕೋಣೆಯಲ್ಲಿ ಹಾಜರಿ ಪುಸ್ತಕ ಕೇಳುತ್ತೇನೆ. ನಮ್ಮ ಮನುಷ್ಯನ ಹೆಸರು ಅದರಲ್ಲಿಲ್ಲ. “ಅವರು ಮೇಸ್ತ್ರಿ ಕಡೆಯವರು ಸಾರ್, ನಮ್ಮ ಲೆಕ್ಕದಲ್ಲಿ ಬರಲ್ಲ.” ಹದಿಮೂರು ವರ್ಷ ಇದೇ ಜಾಲರಿಯ ಪಕ್ಕ ನಿಂತವರು ಯಾವ ಪುಸ್ತಕದಲ್ಲೂ ಇಲ್ಲ. ಅವರು ಮೊದಲು ಕುಳಿ ಹಾಕುತ್ತಿದ್ದ ಕ್ವಾರಿಗೆ ಹೋದರೆ ಅಲ್ಲಿ ಕ್ವಾರಿಯೇ ಇಲ್ಲ. ನೀರು ತುಂಬಿದ ಹಳ್ಳ, ದಡದಲ್ಲಿ ತುಕ್ಕು ಹಿಡಿದ ಕಂಪ್ರೆಸರಿನ ಒಂದು ಚಕ್ರ.

ಹಾಗಾದರೆ ಪುರಾವೆ ಎಲ್ಲಿಂದ ತರುವುದು? ಹಿಂದಿರುಗುವ ದಾರಿಯಲ್ಲಿ ಅವರ ಊರಿನ ಅರಳಿಕಟ್ಟೆಯ ಬಳಿ ಜೀಪು ನಿಲ್ಲಿಸುತ್ತೇವೆ. ಜೊತೆಯಲ್ಲಿ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬರು ಮೊಬೈಲಿನಲ್ಲಿ ಹಳೆಯ ಫೋಟೊ ತೋರಿಸುತ್ತಾರೆ: ಆಯುಧಪೂಜೆಯ ದಿನ, ಕ್ರಷರಿಗೆ ಬಾಳೆಕಂದು ಕಟ್ಟಿ, ಎಲ್ಲರೂ ಸಾಲಾಗಿ ನಿಂತಿದ್ದಾರೆ. ನಮ್ಮವರು ಎಡದಿಂದ ಮೂರನೆಯವರು. ಹಿಂದೆ ಯಂತ್ರ ಕಾಣುತ್ತದೆ, ಮೂಲೆಯಲ್ಲಿ ತಾರೀಖಿದೆ. “ಇವನಿಲ್ಲ ಈಗ, ಇವನೂ ಇಲ್ಲ” ಎಂದು ಫೋಟೊದ ಮೇಲೆ ಬೆರಳಿಡುತ್ತಾರೆ. “ಏನಾಗಿತ್ತು?” “ಟೀಬಿ ಸಾರ್.” ಒಂದೇ ಯಂತ್ರದ ಪಕ್ಕ ನಿಂತವರಿಗೆ ಒಂದೇ ಬಗೆಯ ಕಾಯಿಲೆ ಬಂದಿದ್ದರೆ ಅದು ದೊಡ್ಡ ಸುಳಿವು. ಫೋಟೊ, ಇಬ್ಬರು ಜೊತೆಗಾರರ ಪ್ರಮಾಣಪತ್ರ, ಮೇಸ್ತ್ರಿ ಬಟವಾಡೆ ಬರೆಯುತ್ತಿದ್ದ ನೋಟ್‌ಬುಕ್ಕಿನ ನಾಲ್ಕು ಹಾಳೆ. ಇಷ್ಟು ಸಿಕ್ಕಿತು.

ಕತ್ತಲಾಯಿತು. ಮತ್ತೆ ನನ್ನ ಮೇಜು. ಕೊನೆಯ ಕೆಲಸ ಉಳಿದಿದೆ, ತೀರ್ಮಾನ ಬರೆಯುವುದು. ನೂರಕ್ಕೆ ನೂರು ಖಚಿತವೇ ಎಂದು ನೀವು ಕೇಳಬಹುದು. ಕಾನೂನು ಅದನ್ನು ಕೇಳುವುದಿಲ್ಲ. 1923ರ ಪರಿಹಾರ ಕಾಯ್ದೆಯಲ್ಲಿ ಮೂರನೇ ಅನುಸೂಚಿ ಎಂದು ಒಂದು ಪಟ್ಟಿಯಿತ್ತು. ಯಾವ ಕೆಲಸಕ್ಕೆ ಯಾವ ಕಾಯಿಲೆ ಎಂದು ಅದರಲ್ಲಿ ಜೋಡಿಸಿದ್ದರು. ಆ ಕೆಲಸವನ್ನು ನಿಗದಿತ ಕಾಲ ಮಾಡಿದವರಿಗೆ ಆ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಬಂತೆಂದು ಕಾನೂನು ಭಾವಿಸುತ್ತದೆ, ಅಲ್ಲವೆನ್ನುವವರು ಅಲ್ಲವೆಂದು ತೋರಿಸಬೇಕು. ಸಿಲಿಕೋಸಿಸ್ ಆ ಪಟ್ಟಿಯ ‘ಸಿ’ ಭಾಗದಲ್ಲಿತ್ತು. ಹಲವು ಮಾಲೀಕರ ಕೈಕೆಳಗೆ ದುಡಿದಿದ್ದರೆ ಹೊಣೆಯನ್ನು ಅವರ ನಡುವೆ ಹಂಚಲೂ ಅಲ್ಲಿ ದಾರಿಯಿತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕಸುಬಿನ ಕಾಯಿಲೆಗಳ ಪಟ್ಟಿ ಮೂರನೇ ಅನುಸೂಚಿಯಾಗಿ ಬಂದಿದೆ. ಇಂಥ ಕಾಯಿಲೆ ಕಂಡ ವೈದ್ಯ ತಡಮಾಡದೆ ಬರವಣಿಗೆಯಲ್ಲಿ ಅಧಿಕಾರಿಗೆ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಂ ಹೇಳಿತು. ಅದು ವೈದ್ಯನ ಔದಾರ್ಯವಲ್ಲ, ಕರ್ತವ್ಯ. ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯ ತನಕ ಕಾರ್ಮಿಕನ ಆರೋಗ್ಯದ ದಾಖಲೆ ಇಡಬೇಕೆಂದಿತು. ಕಸುಬಿನ ಕಾಯಿಲೆ ಎಷ್ಟು ನಿಧಾನವಾಗಿ ಬರುತ್ತದೆಂದು ಆ ನ್ಯಾಯಪೀಠಕ್ಕೆ ಅರ್ಥವಾಗಿತ್ತು.

ಎಲ್ಲ ಕಾಯಿಲೆಯೂ ಇಷ್ಟು ನೇರವಾಗಿ ಮಾತಾಡುವುದಿಲ್ಲ. ಇದೇ ಮನುಷ್ಯನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದರೆ? ಸಿಲಿಕಾ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಸಾರಿದೆ, ಬೀಡಿಯೂ ತರುತ್ತದೆ. ಗೆಡ್ಡೆಯ ಮೇಲೆ ಯಾವುದರ ಹೆಸರೂ ಬರೆದಿರುವುದಿಲ್ಲ. ಹಿಟ್ಟಿನ ಗಿರಣಿಯವರ ಉಬ್ಬಸವಾದರೆ ಹಲವು ವಾರ ದಿನಕ್ಕೆ ನಾಲ್ಕಾರು ಸಲ ಊದಿಸಿ, ಗಿರಣಿಗೆ ಹೋದ ದಿನ ಉಸಿರಿನ ಅಳತೆ ಕುಗ್ಗಿ ರಜೆಯ ದಿನ ಏರುತ್ತದೆಯೇ ಎಂದು ನೋಡಬೇಕು. ಅಂಥವಕ್ಕೆ ಹೋಲಿಸಿದರೆ ಸಿಲಿಕೋಸಿಸ್ ಸುಲಭದ ಪ್ರಕರಣ. ಕಾರಣ ಅದರ ಹೆಸರಿನಲ್ಲೇ ಇದೆ. ಇಷ್ಟು ಸುಲಭದ್ದನ್ನೇ ನಾವು ಮೂರು ಸಲ ತಪ್ಪಿದ್ದೇವೆ.

ಬರೆಯುತ್ತೇನೆ. ಎಕ್ಸ್‌ರೇ ಹೊಂದುತ್ತದೆ, ಇಬ್ಬರು ಓದಿದ್ದೇವೆ. ಧೂಳಿನಲ್ಲಿ ಮೂವತ್ತು ವರ್ಷ, ಅದರಲ್ಲಿ ಇಪ್ಪತ್ತೆರಡು ತೀವ್ರ. ಕೆಲಸಕ್ಕೂ ಕಾಯಿಲೆಗೂ ನಡುವಿನ ಕಾಲ ಹೊಂದುತ್ತದೆ. ಇದನ್ನು ಚೆನ್ನಾಗಿ ವಿವರಿಸುವ ಬೇರೆ ಕಾಯಿಲೆ ಕಂಡಿಲ್ಲ. ಜೊತೆಯಲ್ಲಿ ಕ್ಷಯವೂ ಇದೆಯೇ ಎಂಬುದು ಕಲ್ಚರಿನ ವರದಿ ಬಂದ ಮೇಲೆ. ಸಿಲಿಕೋಸಿಸ್, ಕಸುಬಿನಿಂದ ಬಂದದ್ದು. ಸಹಿ, ತಾರೀಖು. ಇದು ವೈದ್ಯಕೀಯ ಮಂಡಳಿಯ ಮುಂದೆ, ಪರಿಹಾರ ತೀರ್ಮಾನಿಸುವ ಅಧಿಕಾರಿಯ ಮುಂದೆ ಹೋಗಬೇಕು. ಎಷ್ಟು ಕಾಲ ಹಿಡಿಯುತ್ತದೋ, ಅವರ ಉಸಿರು ಅಲ್ಲಿಯ ತನಕ ಕಾಯಬೇಕು.

ಕೊನೆಗೆ ಬೆಳಗಿನ ಚೀಟಿ ತೆಗೆದುಕೊಳ್ಳುತ್ತೇನೆ. ‘ಕೂಲಿ’ ಎಂಬ ಪದಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಜಾಗ ಮಾಡಿಕೊಂಡು ಬರೆಯುತ್ತೇನೆ: ‘ಕಲ್ಲು ಕೆಲಸ. ಕೈಯಲ್ಲಿ ಸೈಜುಗಲ್ಲು 8 ವರ್ಷ, ಒಣ ಕುಳಿ 9 ವರ್ಷ, ಕ್ರಷರ್ 13 ವರ್ಷ.’

ನೀವು ವೈದ್ಯರಾಗಿದ್ದರೆ, ನರ್ಸ್ ಆಗಿದ್ದರೆ, ಚೀಟಿ ಬರೆಯುವ ಗುಮಾಸ್ತರಾಗಿದ್ದರೆ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಆ ಸಾಲಿನಲ್ಲಿ ‘ಕೂಲಿ’ ಎಂದು ಬರೆದು ನಿಲ್ಲಿಸಬೇಡಿ. ಯಾವ ಕೂಲಿ, ಎಷ್ಟು ವರ್ಷ, ಯಾರ ಹತ್ತಿರ ಎಂದು ಕೇಳಿ ಬರೆಯಿರಿ, ಎರಡು ನಿಮಿಷದ ಕೆಲಸ. ನೀವು ದುಡಿಯುವವರಾಗಿದ್ದರೆ, ಕೆಲಸದ ಜಾಗದಲ್ಲಿ ಒಂದು ಫೋಟೊ ತೆಗೆಸಿಕೊಳ್ಳಿ, ಬಟವಾಡೆಯ ಚೀಟಿಯನ್ನು, ಎಕ್ಸ್‌ರೇಯನ್ನು ಎಸೆಯಬೇಡಿ. ಆ ತಾಯಿ ಎಲ್ಲವನ್ನೂ ಕವರಿನಲ್ಲಿ ಕಟ್ಟಿಟ್ಟುಕೊಂಡು ಬಂದದ್ದರಿಂದಲೇ ಇವತ್ತು ಒಂದು ಚೀಟಿ ತಿದ್ದಲು ಆಯಿತು.